ಬೇಯಿಸದೆ ಉಳಿದ ಮಡಿಲಕ್ಕಿ

ನನ್ನ ತಂಗಿಯನ್ನು ನಾನು ಬೈದು ಕಳಿಸಲಿಲ್ಲ, ಬಾಗಿಲು ಹಾಕಿಯೂ ಕಳಿಸಲಿಲ್ಲ. ಮಣೆ ಹಾಕಿ ಕೂರಿಸಿ, ಅರಿಶಿನ ಕುಂಕುಮ ಕೊಟ್ಟು, ಮಡಿಲು ತುಂಬಿ ಕಳಿಸಿದೆ. ನೋಡಿದವರು ಯಾರೂ ನನ್ನಲ್ಲಿ ತಪ್ಪು ಹುಡುಕಲಿಲ್ಲ. "ಅವ್ವ ಇಲ್ದಿದ್ರೂ ಅಕ್ಕ ಎಷ್ಟು ಚೆಂದಾಗಿ ಕಳಿಸ್ಕೊಟ್ಲು ನೋಡು" ಎಂದು ಎದುರುಮನೆಯಾಕೆ ಹೊಗಳಿದಳು. ಆ ಹೊಗಳಿಕೆ ಮೀನಿನ ಮುಳ್ಳಿನಂತೆ ಇವತ್ತಿಗೂ ನನ್ನ ಗಂಟಲಲ್ಲಿದೆ. ಅದನ್ನು ತೆಗೆಯಬೇಕೆಂದೇ ಇದನ್ನು ಬರೆಯುತ್ತಿದ್ದೇನೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು. ಆದರೆ ನಡೆದದ್ದನ್ನು ನಡೆದ ಹಾಗೆ ಹೇಳಲು ಅಷ್ಟು ಓದು ಸಾಕು.

ನಮ್ಮೂರು ಪಾಂಡವಪುರದ ಹತ್ತಿರ. ನಮ್ಮಪ್ಪನಿಗೆ ಇಬ್ಬರೂ ಹೆಣ್ಣುಮಕ್ಕಳೇ. ಹಿರಿಯಳಾದ ನನಗೆ ಮನೆ ಅಳಿಯನನ್ನು ತಂದರು. ಹಾಗಾಗಿ ಹುಟ್ಟಿದ ಮನೆಯೇ ನನ್ನ ಮನೆಯಾಯಿತು. ಅಪ್ಪ ಅವ್ವ ಹೋದ ಮೇಲೆ ತಂಗಿಗೆ ತವರು ಅಂದರೆ ನಾನೇ. ಮನೆಯ ಹಿಂದೆ ಅಪ್ಪ ಹಾಕಿದ ಆಲೆಮನೆ ಇದೆ. ಕಬ್ಬು ಅರೆಯುವ ಗಾಣ, ಕಬ್ಬಿನ ಹಾಲು ಕಾಯಿಸುವ ದೊಡ್ಡ ಕೊಪ್ಪರಿಗೆ, ಒಲೆಗೆ ಹಾಕಲು ಒಣಗಿಸಿದ ಕಬ್ಬಿನ ಸಿಪ್ಪೆಯ ಒಟ್ಟಲು. ಸಿಪ್ಪೆಯ ಒಟ್ಟಲು ನಮ್ಮ ಅಡುಗೆಮನೆಯ ಗೋಡೆಗೆ ತಗುಲಿಕೊಂಡೇ ಇದೆ. ಚಿಕ್ಕಂದಿನಿಂದ ಅದರ ಮೇಲೆ ಜಾರಿ ಆಡಿದ್ದೆವು. ಅದನ್ನು ನೋಡಿ ಹೆದರುವ ಕಾಲ ಬರುತ್ತದೆ ಎಂದು ನಾನು ನೆನೆಸಿರಲಿಲ್ಲ.

ತಂಗಿಯ ಗಂಡ ಬಿಹಾರದ ಕಡೆಯವನು. ಮೀಸೆ ಚಿಗುರುವ ಹೊತ್ತಿಗೆ ನಮ್ಮ ಆಲೆಮನೆಗೆ ಒಲೆ ಉರಿಸಲು ಬಂದವನು, ಬರಬರುತ್ತಾ ಬೆಲ್ಲದ ಪಾಕದ ಹದ ನೋಡುವುದನ್ನು ಕಲಿತ. "ಇವನ ಮಾತು ಬೆಲ್ಲಕ್ಕೆ ತಿಳೀತದೆ, ನಮಗೇ ತಿಳಿಯಾಕಿಲ್ಲ" ಎಂದು ಅಪ್ಪ ನಗುತ್ತಿದ್ದರು. ನನ್ನ ತಂಗಿಗೆ ತಿಳಿಯಿತು. ಶ್ರೀರಂಗಪಟ್ಟಣದಲ್ಲಿ ರಿಜಿಸ್ಟರ್ ಮದುವೆಯಾದರು. ಅಪ್ಪ ಹೋಗಲಿಲ್ಲ, ಅವ್ವ ಹೋದಳು. ಮೊಮ್ಮಗಳು ಹುಟ್ಟಿ ಮಾತು ಕಲಿತ ಮೇಲೆ ಅಪ್ಪನೇ ಒಂದು ದಿನ ಅವರ ಮನೆಗೆ ಹೋಗಿ ಜಗಲಿಯ ಮೇಲೆ ಕೂತು, "ಈ ಕೂಸಿಗೆ ನಮ್ಮ ಮಾತು ಬತ್ತದೇನ್ಲಾ?" ಎಂದು ಕೇಳಿದರಂತೆ.

"ನಿಮಗಿಂತ ಚೆನ್ನಾಗಿ ಬೈತಾಳೆ ಕಣ್ ಮಾವ" ಎಂದನಂತೆ ಅಳಿಯ. ಅಲ್ಲಿಗೆ ಅಪ್ಪನ ಸಿಟ್ಟು ಮುಗಿಯಿತು.

ಅವರು ಬಾಬುರಾಯನಕೊಪ್ಪಲಿನಲ್ಲಿ ಬಾಡಿಗೆಗೆ ಇದ್ದರು. ಅವನು ಅಲ್ಲೇ ಹತ್ತಿರದ ಆಲೆಮನೆಗೆ ಹೋಗುತ್ತಿದ್ದ. ಹಬ್ಬಕ್ಕೆ, ಬೇಸಿಗೆ ರಜಕ್ಕೆ ತಂಗಿ ಬರುವಳು, ಇದ್ದು ಹೋಗುವಳು. ಹೋಗುವಾಗ ನಾನು ಮಡಿಲು ತುಂಬುತ್ತಿದ್ದೆ. ಅಕ್ಕಿ, ಕೊಬ್ಬರಿ ಗಿಟುಕು, ಅಚ್ಚು ಬೆಲ್ಲ, ಎಲೆ ಅಡಿಕೆ, ರವಿಕೆ ಕಣ. ಅವಳು ಆ ಅಕ್ಕಿಯಲ್ಲಿ ಒಂದು ಚಿಟಿಕೆ ತೆಗೆದು ತಟ್ಟೆಗೆ ವಾಪಸ್ಸು ಹಾಕುವಳು. ತವರು ಬರಿದಾಗಬಾರದು, ತಣ್ಣಗಿರಲಿ ಎಂದು. ಮಡಿಲು ತುಂಬಿದ ಮೇಲೆ ಮಗಳು ಆ ಮನೆಯಲ್ಲಿ ಮತ್ತೆ ಕೂರಬಾರದು. ಎದ್ದು ಹೊಸಿಲು ದಾಟಿ ಹೋಗುತ್ತಿರಬೇಕು. ಹೋದ ಮನೆಯಲ್ಲಿ ಆ ಅಕ್ಕಿಯನ್ನು ಬೆಲ್ಲ ಹಾಕಿ ಪಾಯಸ ಮಾಡಿ ಎಲ್ಲರೂ ಉಣ್ಣಬೇಕು. ಇದು ನಮ್ಮ ಕಡೆಯ ಪದ್ಧತಿ. ಒಳ್ಳೆಯ ಪದ್ಧತಿಯೇ. ಅದನ್ನು ಕೆಟ್ಟದ್ದಕ್ಕೆ ಬಳಸಿದವಳು ನಾನು.

ಆಷಾಢದಲ್ಲಿ ಆ ಸುದ್ದಿ ಬಂತು. ನಾಗಮಂಗಲದ ಆಚೆ ಒಂದು ಆಲೆಮನೆಯಲ್ಲಿ ಕೆಲಸಕ್ಕಿದ್ದ ಹೊರರಾಜ್ಯದವನೊಬ್ಬ, ಕುಡಿದ ಜಗಳದಲ್ಲಿ ಮಾಲೀಕನನ್ನು ಮಚ್ಚಿನಿಂದ ಕೊಂದ. ಸತ್ತವನು ಚಿಕ್ಕ ಮಕ್ಕಳ ತಂದೆ. ನಾನೂ ಕಣ್ಣೀರು ಹಾಕಿದೆ. ಕೊಂದವನನ್ನು ಪೊಲೀಸರು ಅವತ್ತೇ ಹಿಡಿದರು. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಫೋನಿನಲ್ಲಿ ಯಾರೋ ಗುರುತಿಲ್ಲದವರ ದನಿ ಓಡಾಡತೊಡಗಿತು. "ಆ ಕಡೆಯೋರು ಯಾರ್ಯಾರ ಮನೇಲವ್ರೆ ನೋಡ್ಕಳಿ, ಒಬ್ಬರನ್ನೂ ಬುಡಬ್ಯಾಡಿ" ಎಂದು. ನಮ್ಮ ಆಲೆಮನೆಯಲ್ಲಿದ್ದ ಉತ್ತರದ ಹುಡುಗರು ಅದನ್ನು ಕೇಳಿ ಚೀಲ ಕಟ್ಟಿದರು. ನಮ್ಮ ಯಜಮಾನರು ಎಷ್ಟು ಹೇಳಿದರೂ ನಿಲ್ಲದೆ ರೈಲು ಹತ್ತಿದರು. ಒಲೆ ತಣ್ಣಗಾಯಿತು.

ಮಾರನೆಯ ಬೆಳಿಗ್ಗೆ ಡೇರಿಯಲ್ಲಿ ಹಾಲು ಹಾಕುವಾಗ ಒಬ್ಬಾಕೆ ಸುಮ್ಮನೆ ಕೇಳಿದಳು: "ನಿನ್ನ ತಂಗಿ ಗಂಡನೂ ಆ ಕಡೆಯೋನೇ ಅಲ್ವೇನವ್ವ?"

ಅವಳ ಮಾತಿನಲ್ಲಿ ವಿಷವಿರಲಿಲ್ಲ. ಈಗ ನೆನೆಸಿಕೊಂಡರೆ ಅವಳು ಅವನ ಯೋಗಕ್ಷೇಮವನ್ನೇ ಕೇಳುತ್ತಿದ್ದಳು ಅನ್ನಿಸುತ್ತದೆ. ನಾನು ಮಾತ್ರ, "ಅವ್ನು ನಮ್ಮನೆಗೆ ಬರಾದೇ ಕಮ್ಮಿ" ಎಂದೆ. ಹೋದ ಯುಗಾದಿಗೆ ಅದೇ ಅವನು ನಮ್ಮ ಜಗಲಿಯಲ್ಲಿ ಕೂತು ಇಡೀ ಕೇರಿಗೆ ಒಬ್ಬಟ್ಟು ಹಂಚಿದ್ದ. ಆಕೆಗೂ ಕೊಟ್ಟಿದ್ದ. ಆಕೆ ನನ್ನ ಮುಖ ನೋಡಿ ಕ್ಯಾನು ಎತ್ತಿಕೊಂಡು ಹೋದಳು.

ಅದರ ಮಾರನೆಯ ದಿನ ಮಧ್ಯಾಹ್ನ ತಂಗಿ ಬಂದಳು. ಆಟೋದಿಂದ ಮೊದಲು ಮಗಳು ಇಳಿದಳು, ಆಮೇಲೆ ತಂಗಿ, ಆಮೇಲೆ ಎರಡು ಚೀಲ ಹೊತ್ತ ಗಂಡ. ಒಂದು ಚೀಲದ ಬಾಯಿಯಿಂದ ಕುಕ್ಕರಿನ ಹಿಡಿ ಕಾಣುತ್ತಿತ್ತು. ಕುಕ್ಕರ್ ತಂದವರು ಒಂದು ದಿನಕ್ಕೆ ಬಂದಿಲ್ಲ ಎಂದು ನನಗೆ ತಿಳಿಯಿತು.

"ಮನೆ ಓನರು ನಾಕು ದಿನ ಎಲ್ಲಾರ ಹೋಗಿರವ್ವ ಅಂದ್ರು ಕಣಕ್ಕ" ಎಂದಳು. "ನಂಗೂ ಮಕ್ಕಳವ್ರೆ ಅಂದ್ರು. ಒಳ್ಳೇರೇ ಪಾಪ, ಹೆದರ್ಕಂಡವ್ರೆ. ಎಲ್ಗೋಗಾದು ಅಂತ ಯೋಚ್ನೆ ಮಾಡೋ ಹಂಗೇನೂ ಇರ್ಲಿಲ್ವಲ್ಲ. ಇಲ್ಗೇ ಬಂದೋ."

ಮುದ್ದೆ, ಸೊಪ್ಪಿನ ಸಾರು ಬಡಿಸಿದೆ. ಅವನು ಉಂಡು ಕೈ ತೊಳೆದು ಹಿಂದುಗಡೆ ಹೋಗಿ ಕೊಪ್ಪರಿಗೆ ಮುಟ್ಟಿ ನೋಡಿ ಬಂದ. "ಅತ್ತಿಗೆ, ಒಲೆ ಸತ್ತೋಗದೆ. ಭಾವ ಗದ್ದೆಯಿಂದ ಬರ್ಲಿ, ನಾಳೆ ಹಚ್ಚಾನ. ಸುಮ್ನೆ ಕೂತ್ರೆ ನಂಗೆ ತಿಂದಿದ್ದು ಅರಗಾಕಿಲ್ಲ" ಎಂದು ನಕ್ಕ.

ಅವನು ಒಲೆ ಎಂದದ್ದು ನನಗೆ ಹೊಗೆ ಎಂದು ಕೇಳಿಸಿತು. ಹೊಗೆ ಎದ್ದರೆ ಊರಿಗೆಲ್ಲ ಕಾಣುತ್ತದೆ. ಕೆಲಸದವರು ಹೋದ ಮೇಲೆ ಯಾರು ಬಂದು ಒಲೆ ಹಚ್ಚಿದರು ಎಂದು ಕೇಳುತ್ತಾರೆ. ನಾನು ಹಿತ್ತಲಿಗೆ ಹೋಗಿ ಸಿಪ್ಪೆಯ ಒಟ್ಟಲನ್ನು ನೋಡುತ್ತಾ ನಿಂತೆ. ಒಂದು ಬೆಂಕಿಕಡ್ಡಿ ಸಾಕು ಅನ್ನಿಸಿತು. ಆಗಲೇ ಹಿತ್ತಲ ದಾರಿಯಲ್ಲಿ ಎರಡು ಬೈಕು ಬಂದವು. ಗುರುತಿಲ್ಲದ ಹುಡುಗರು. ಒಟ್ಟಲ ಹತ್ತಿರ ನಿಧಾನ ಮಾಡಿದರು, ನಮ್ಮ ಮನೆಯ ಕಡೆ ತಿರುಗಿ ನೋಡಿದರು. ಹಿಂದೆ ಕೂತವನ ಬೆನ್ನಿಗೆ ಉದ್ದನೆಯ ಚೀಲವಿತ್ತು.

ಒಳಗೆ ಬಂದವಳೇ ತಟ್ಟೆ ತೆಗೆದೆ. ಯೋಚನೆ ಮಾಡಿ ತೆಗೆದೆನೋ, ಕೈ ತಾನಾಗಿ ಹೋಯಿತೋ ಎಂದು ಬಹಳ ದಿನ ನನ್ನನ್ನೇ ಕೇಳಿಕೊಂಡೆ. ಯೋಚನೆ ಮಾಡಿಯೇ ತೆಗೆದೆ. ಇರಬೇಡ ಎನ್ನಲು ನನಗೆ ಬಾಯಿ ಬರುತ್ತಿರಲಿಲ್ಲ, ತಟ್ಟೆ ಇದ್ದರೆ ಬಾಯಿ ಬೇಕಾಗಿರಲಿಲ್ಲ. ಅಕ್ಕಿ ಅಳೆದೆ, ಕೊಬ್ಬರಿ, ಬೆಲ್ಲ ಇಟ್ಟೆ, ಪೆಟ್ಟಿಗೆಯಿಂದ ಹೊಸ ರವಿಕೆ ಕಣ ತೆಗೆದೆ. ನಡುಮನೆಯಲ್ಲಿ ಮಣೆ ಹಾಕಿದೆ.

ತಂಗಿ ಮಗಳ ತಲೆ ಬಾಚುತ್ತಿದ್ದಳು. ಮಣೆ ನೋಡಿದಳು, ತಟ್ಟೆ ನೋಡಿದಳು. ಬಾಚಣಿಗೆ ಅಲ್ಲೇ ನಿಂತಿತು.

"ಈಗ್ಲೇನಾ ಅಕ್ಕ?"

"ಬೆಳಕಿದ್ದಂಗೇ ಒಂಟ್ಬುಡಿ. ಆಮೇಲೆ ಬಸ್ಸು ಸಿಕ್ಕಾಕಿಲ್ಲ" ಎಂದೆ.

ಯಾವ ಊರಿಗೆ ಬಸ್ಸು ಎಂದು ನಾನೂ ಹೇಳಲಿಲ್ಲ, ಅವಳೂ ಕೇಳಲಿಲ್ಲ. ಎದ್ದು ಬಂದು ಪೂರ್ವಕ್ಕೆ ಮುಖ ಮಾಡಿ ಕೂತಳು. ಸೆರಗು ಒಡ್ಡಿದಳು. ನಾನು ತುಂಬಿದೆ. ಜಗಳವಾಡಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವಳು ಜಗಳವಾಡಲಿಲ್ಲ. ಮಡಿಲಿನಿಂದ ಚಿಟಿಕೆ ಅಕ್ಕಿ ತೆಗೆದು, ಪದ್ಧತಿಯಂತೆ ತಟ್ಟೆಗೆ ವಾಪಸ್ಸು ಹಾಕಿದಳು. ನನ್ನ ಮನೆ ತಣ್ಣಗಿರಲಿ ಎಂದು ಹರಸಿ ಎದ್ದಳು. ಅವನು ಹೊರಗಿನಿಂದ ಬಂದು ಹೆಂಡತಿಯ ತುಂಬಿದ ಸೆರಗು ನೋಡಿ ಚೀಲ ಎತ್ತಿಕೊಂಡ. ನಮ್ಮ ಪದ್ಧತಿಯೆಲ್ಲ ಅವನಿಗೆ ಗೊತ್ತು.

ಸಂಜೆ ನಮ್ಮ ಯಜಮಾನರು ಗದ್ದೆಯಿಂದ ಬಂದು ಕಾಲು ತೊಳೆಯುತ್ತಾ, "ನಿನ್ನ ತಂಗಿ ಬಂದವ್ಳಂತೆ, ಎಲ್ಲಿ?" ಎಂದರು.

"ಮಡ್ಲು ತುಂಬಿ ಕಳಿಸ್ದೆ."

ಅವರು ಚೊಂಬು ಕೆಳಗಿಟ್ಟರು. "ಅವ್ಳು ಇರಾಕೆ ಬಂದಿದ್ಲು ಕಣೆ."

"ಏನಾದ್ರೂ ಆಗಿದ್ರೆ? ಬೈಕಲ್ಲಿ ಯಾರೋ ಬಂದು ನೋಡ್ಕೊಂಡು ಹೋದ್ರು. ಬೆನ್ನಿಗೆ ಏನೋ ಉದ್ದಕ್ಕೆ ಕಟ್ಕೊಂಡಿದ್ರು."

"ಅಯ್ಯೋ ಪುಣ್ಯಾತ್ಗಿತ್ತಿ, ಅವು ಕೆರೆ ಬಯಲಲ್ಲಿ ಕ್ರಿಕೆಟ್ ಆಡಾಕೆ ಬಂದಿದ್ದೋ! ನನ್ನೇ ದಾರಿ ಕೇಳಿದ್ವು. ಅದು ಬ್ಯಾಟು" ಎಂದರು. ಆಮೇಲೆ ಹಿತ್ತಲಿಗೆ ಹೋಗಿ ಒಲೆ ನೋಡಿ ಬಂದರು. ಆಡಿದ್ದು ಇಷ್ಟೇ: "ಪಾಕ ನೋಡೋನ್ನ ಬಸ್ಸು ಹತ್ತಿಸ್ಬುಟ್ಟು, ತಣ್ಣಗಿರೋ ಕೊಪ್ರಿಗೆ ಇಟ್ಕೊಂಡು ಕೂತಿದ್ದೀಯ."

ನಾನು ಹೆದರಿದ ಜನ ನಿಜವಾಗಿ ಬಂದದ್ದು ಎರಡು ದಿನ ಬಿಟ್ಟು. ಬೇರೆ ಊರಿನ ನಾಲ್ಕಾರು ಹುಡುಗರು ಅರಳಿಕಟ್ಟೆಯ ಹತ್ತಿರ ಬೈಕು ನಿಲ್ಲಿಸಿ, ಈ ಊರಲ್ಲಿ ಹೊರಗಿನವರು ಯಾರ್ಯಾರಿದ್ದಾರೆ ಎಂದು ವಿಚಾರಿಸಿದರು. ಕಟ್ಟೆಯ ಮೇಲೆ ನಮ್ಮೂರಿನ ಹಳೆಯ ಪಂಚಾಯ್ತಿ ಮೆಂಬರು ಎಲೆ ಅಡಿಕೆ ಹಾಕುತ್ತಾ ಕೂತಿದ್ದರು. ಅಂಗಡಿಗೆ ಹೋಗಿದ್ದ ನಾನು ಅಲ್ಲೇ ಕಂಬದ ಮರೆಗೆ ನಿಂತುಕೊಂಡೆ.

"ಯಾಕ್ಲಾ, ಮದ್ವೆಗೆ ಹೆಣ್ಣು ನೋಡಾಕೆ ಬಂದ್ರಾ?" ಎಂದರು ಅವರು.

"ತಮಾಷೆ ಅಲ್ಲ ಯಜಮಾನ್ರೇ. ನಮ್ಮೋನ್ನ ಕಡಿದಾಕವ್ರೆ."

"ಕಡಿದೋನು ಒಬ್ಬ. ಅವ್ನು ಜೈಲಲ್ಲವ್ನೆ. ಅವ್ನ ಕೇಳ್ಬೇಕಂದ್ರೆ ಅಲ್ಲೋಗ್ಲಾ. ನೀನು ಯಾರ ಮಗ? ಓ, ಅವ್ನ ಮಗನಾ! ನಿಮ್ಮಪ್ಪ ನಮ್ಮ ಹಟ್ಟೀಲಿ ಹುಂಜ ಕದ್ದು ಸಿಕ್ಕಾಕಂಡಿದ್ದ. ಆಗ ನಿಮ್ಮೂರ್ನೆಲ್ಲ ಕಟ್ಟಾಕುದ್ವೇನ್ಲಾ?"

ಕಟ್ಟೆಯ ಮೇಲಿದ್ದವರೆಲ್ಲ ನಕ್ಕರು. ಬಂದವರಲ್ಲೇ ಇಬ್ಬರು ನಕ್ಕುಬಿಟ್ಟರು. ಹುಂಜದ ಮಗ ಮಾತ್ರ ಕೆಂಪಗಾಗಿ ಬೈಕಿಗೆ ಒದ್ದ. ಅದು ಒಂದೇ ಒದೆತಕ್ಕೆ ಸ್ಟಾರ್ಟ್ ಆಗಲಿಲ್ಲ. ಮತ್ತೆ ನಗು. ಹೋದರು. ಹೋದ ಮೇಲೆ ಮೆಂಬರು ನನ್ನನ್ನು ಕಂಡು, "ನಿನ್ನ ತಂಗಿ ಗಂಡ್ನ ಕರ್ಕೊಂಡು ಬಾರವ್ವ ಇಲ್ಗೆ, ಅಲ್ಲೆಲ್ಲೋ ಯಾಕಿರ್ಬೇಕು? ನಾವಿಲ್ವಾ?" ಎಂದರು.

ನಮ್ಮೂರು ಹೀಗಿದೆ ಎಂದು ನನಗೆ ಗೊತ್ತಿತ್ತು. ಹುಟ್ಟಿದಾಗಿನಿಂದ ಗೊತ್ತಿತ್ತು. ಎಲ್ಲ ಊರೂ ಹೀಗಿರುತ್ತದೆ ಎಂದು ಹೇಳುವುದಿಲ್ಲ. ಆವತ್ತು ಮೆಂಬರು ಕಟ್ಟೆಯ ಮೇಲೆ ಇಲ್ಲದಿದ್ದರೆ ಏನಾಗುತ್ತಿತ್ತೋ ಅದೂ ಗೊತ್ತಿಲ್ಲ. ಆದರೆ ನಾನು ಊರನ್ನು ಕೇಳಿಯೇ ಇರಲಿಲ್ಲ. ಯಾರದ್ದೋ ದನಿಯನ್ನು ಫೋನಿನಲ್ಲಿ ಕೇಳಿ, ನನ್ನ ಊರಿನ ಪರವಾಗಿ ನಾನೇ ತೀರ್ಪು ಕೊಟ್ಟು, ನನ್ನ ಕೈಯಾರೆ ಅದನ್ನು ನಡೆಸಿಬಿಟ್ಟಿದ್ದೆ. ಬೇರೆಯವರು ಮಾಡುತ್ತಾರೆಂದು ಹೆದರಿದ ಕೆಲಸವನ್ನು ಈ ಊರಿನಲ್ಲಿ ಮಾಡಿದವಳು ನಾನೊಬ್ಬಳೇ.

ತಂಗಿ ಕೆ.ಆರ್. ಪೇಟೆ ತಾಲ್ಲೂಕಿನ ಮಾಕವಳ್ಳಿಗೆ ಹೋಗಿದ್ದಳು. ಅಲ್ಲಿ ಒಬ್ಬ ಅಜ್ಜಿಯ ಕಬ್ಬನ್ನು ತಂಗಿಯ ಗಂಡ ಹಿಂದೆ ಅರೆದುಕೊಟ್ಟಿದ್ದನಂತೆ. ಆ ಗುರುತಿಗೆ ಆಕೆ ತನ್ನ ಮನೆಯ ಪಕ್ಕದ ಕೋಣೆ ಕೊಟ್ಟಿದ್ದಳು. ಫೋನು ಮಾಡಿದರೆ ತಂಗಿ ಎತ್ತುತ್ತಿದ್ದಳು. "ಚೆನ್ನಾಗಿದ್ದೀವಿ ಕಣಕ್ಕ, ಊಟ ಆಯ್ತಾ?" ಎನ್ನುತ್ತಿದ್ದಳು. ನೆಂಟರ ಜೊತೆ ಮಾತಾಡುವ ದನಿ. ಆ ದನಿಗೆ ನಾಚಿ, ಇವತ್ತು ಹೋಗುತ್ತೇನೆ ನಾಳೆ ಹೋಗುತ್ತೇನೆ ಎಂದು ಶ್ರಾವಣವನ್ನೆಲ್ಲ ಕಳೆದೆ. ಗೌರಿಹಬ್ಬ ಹತ್ತಿರ ಬಂತು. ತವರಿನವರು ಮಗಳನ್ನು ಕರೆಯಲೇಬೇಕಾದ ಹಬ್ಬ. ಫೋನಿನಲ್ಲಿ ಕರೆದರೆ ಬರುವುದಿಲ್ಲ ಎಂದು ಗೊತ್ತಿತ್ತು. ಬಸ್ಸು ಹತ್ತಿದೆ.

ಮಾಕವಳ್ಳಿಯ ಫ್ಯಾಕ್ಟರಿ ರಸ್ತೆಯಲ್ಲಿ ಕಬ್ಬಿನ ಟ್ರಾಕ್ಟರುಗಳು ಸಾಲಾಗಿ ನಿಂತಿದ್ದವು. ಅಜ್ಜಿ ಬಾಗಿಲಲ್ಲೇ ಸಿಕ್ಕಳು. ನನ್ನನ್ನು ಮೇಲಿಂದ ಕೆಳಗೆ ನೋಡಿ, "ಓ, ಮಡ್ಲಕ್ಕಿ ಕೊಟ್ಟ ಅಕ್ಕ ನೀನೇಯಾ?" ಎಂದಳು.

"ನಾನೇ ಕಣಜ್ಜಿ."

"ಬಾ ಒಳಕ್ಕೆ. ನಾನೇನೂ ನಿನ್ನ ಮಡ್ಲು ತುಂಬಾಕಿಲ್ಲ."

ಅದಕ್ಕಿಂತ ಕಪಾಳಕ್ಕೆ ಹೊಡೆದಿದ್ದರೆ ಹಗುರಾಗುತ್ತಿತ್ತು.

ಕೋಣೆ ಚಿಕ್ಕದು, ಚೊಕ್ಕಟವಾಗಿತ್ತು. ಕುಕ್ಕರ್ ಒಲೆಯ ಮೇಲಿತ್ತು. ಗೋಡೆಯ ಮೊಳೆಗೆ ಒಂದು ಗಂಟು ನೇತುಹಾಕಿತ್ತು. ನಾನು ಕೊಟ್ಟ ರವಿಕೆ ಕಣ, ಹಸಿರು ಬಣ್ಣದ್ದು. ಅದರೊಳಗೆ ಏನಿದೆ ಎಂದು ಬಿಚ್ಚದೆಯೇ ತಿಳಿಯಿತು. ತಂಗಿ ನನ್ನ ಕಣ್ಣು ಹೋದ ಕಡೆ ನೋಡಿದಳು.

"ಬೇಯಿಸಾಕೆ ಮನಸು ಬರ್ಲಿಲ್ಲ ಅಕ್ಕ. ಎಸಿಯಾಕೂ ಬರ್ಲಿಲ್ಲ."

"ನಾನು ನಿನ್ನ ಕಳಿಸ್ಲಿಲ್ಲ ಕಣೆ" ಎಂದೆ. "ಓಡಿಸ್ದೆ. ಹೆದರ್ಕೊಂಡು ಓಡಿಸ್ದೆ. ಪದ್ಧತಿ ಅಂತ ನೆವ ಮಾಡ್ದೆ."

"ಗೊತ್ತಕ್ಕ."

"ಗೊತ್ತಿದ್ದೂ ಸೆರಗು ಒಡ್ಡಿದ್ಯಲ್ಲ."

"ಇನ್ನೇನು ಮಾಡ್ಲಿ? ಅವ್ವ ಇದ್ದಿದ್ರೆ ಅವ್ವನ ಹತ್ರ ಜಗಳ ಆಡ್ತಿದ್ದೆ" ಎಂದಳು. ಆಮೇಲೆ ದನಿ ತಗ್ಗಿಸಿ ಹೇಳಿದಳು: "ಆವತ್ತು ಬಸ್ಸಲ್ಲಿ ಕೂಸು ಅವರಪ್ಪನ ಹತ್ರ ಹಿಂದೀಲಿ ಏನೋ ಕೇಳ್ತು. ನೀರೋ ಏನೋ. ನಾನು ಬಾಯಿ ಮುಚ್ಚಿಬುಟ್ಟೆ ಅಕ್ಕ, ಕೈಯಲ್ಲಿ. ಜೋರಾಗಿ. ನೀನು ಮಡ್ಲು ತುಂಬಿದ್ದಕ್ಕಿಂತ ಅದು ನಂಗೆ ಸುಡ್ತದೆ. ಅವತ್ತಿಂದ ಅದು ಹೊರಗಡೆ ಅವರಪ್ಪನ ಕಿವೀಲೇ ಪಿಸುಗುಟ್ತದೆ."

ಕಾಫಿ ಕೊಟ್ಟಳು. ಕುಡಿದೆ. ಲೋಟ ತೊಳೆದಿಟ್ಟವಳು ಕುಂಕುಮದ ಭರಣಿ ತೆಗೆದುಕೊಂಡಳು. ಹೊರಟವರಿಗೆ ಕೊಡುವ ಕುಂಕುಮ.

"ಅದ ಅಲ್ಲೇ ಇಡು" ಎಂದೆ. "ನಾನು ಏಳಾಕಿಲ್ಲ."

"ಏನು ಹಂಗಂದ್ರೆ?"

"ಏಳಾಕಿಲ್ಲ ಅಂದ್ರೆ ಏಳಾಕಿಲ್ಲ. ನೀನು ಹಬ್ಬಕ್ಕೆ ಹೊರಡೋಗಂಟ ಇಲ್ಲೇ ಕೂತಿರ್ತೀನಿ. ಮುದ್ದೆ ಹಾಕಿದ್ರೆ ಉಣ್ತೀನಿ, ಇಲ್ದಿದ್ರೆ ಅಜ್ಜಿ ಹಾಕ್ತದೆ."

"ನಾನ್ಯಾಕೆ ಹಾಕ್ಲಿ?" ಎಂದಳು ಅಜ್ಜಿ ಹೊರಗಿನಿಂದ. ಇಷ್ಟು ಹೊತ್ತೂ ಬಾಗಿಲಿಗೆ ಕಿವಿ ಕೊಟ್ಟುಕೊಂಡೇ ಕೂತಿದ್ದಳು. ತಂಗಿಗೆ ನಗು ಬಂತು. ತಡೆಯಲು ನೋಡಿದಳು, ಆಗಲಿಲ್ಲ. ಅಳುವೂ ಅದರ ಜೊತೆಗೇ ಬಂತು.

ಆವತ್ತು ನಾನು ಅಲ್ಲೇ ಉಳಿದೆ. ಸಂಜೆ ಕೆಲಸದಿಂದ ಬಂದ ಅವನು ನನ್ನನ್ನು ಕಂಡು ಚಪ್ಪಲಿ ಬಿಡುತ್ತಾ, "ಬನ್ನಿ ಅತ್ತಿಗೆ" ಎಂದ. ತಾನಿನ್ನೂ ಹೊಸಿಲಾಚೆ ಇದ್ದಾನೆ, ನಾನು ಆಗಲೇ ಒಳಗೆ ಕೂತಿದ್ದೇನೆ ಎಂಬುದು ಆಮೇಲೆ ಹೊಳೆದು ತಲೆ ಕೆರೆದುಕೊಂಡ. ಅವನ ಕ್ಷಮೆಯನ್ನೂ ಕೇಳಿದೆ. "ಬುಡಿ ಅತ್ತಿಗೆ. ನಮ್ಮೂರಲ್ಲಿ ಇಂಗಾಗಿದ್ರೆ ನಮ್ಮ ಅಣ್ಣ ಏನು ಮಾಡ್ತಿದ್ನೋ ನಂಗೆ ಗೊತ್ತಿಲ್ಲ" ಎಂದ. ಅವನು ಕ್ಷಮಿಸಿದೆ ಎನ್ನಲಿಲ್ಲ. ನಾನು ಅದನ್ನು ಮತ್ತೆ ಕೇಳಲಿಲ್ಲ.

ಗೌರಿಹಬ್ಬಕ್ಕೆ ಮೂವರೂ ಬಂದರು. ಕುಕ್ಕರ್ ತರಲಿಲ್ಲ. ಹಸಿರು ಗಂಟು ತಂದರು. ಬಿಚ್ಚಿ ಮೊರಕ್ಕೆ ಸುರಿದರೆ ಅಕ್ಕಿಯ ತುಂಬ ಹುಳ. ಜಗಲಿಯ ಮೇಲೆ ಅಕ್ಕ ತಂಗಿ ಎದುರುಬದುರು ಕೂತು ಹುಳ ಆರಿಸಿದೆವು. ಎದುರುಮನೆಯಾಕೆ ಬಂದು, "ಅಯ್ಯೋ, ಹಬ್ಬದ ದಿನ ಹುಳದ ಅಕ್ಕಿ ಯಾಕ್ರವ್ವ, ನಮ್ಮನೇಲಿ ಒಳ್ಳೇದದೆ ಕೊಡ್ಲಾ?" ಎಂದಳು.

"ಬ್ಯಾಡ ಕಣವ್ವ. ಇದು ನಂದು. ನೀನಾವತ್ತು ಹೊಗಳಿದ್ಯಲ್ಲ, ಅದು" ಎಂದೆ. ಆಕೆಗೆ ಅರ್ಥವಾಗಲಿಲ್ಲ. ಕೂರಿಸಿಕೊಂಡು ಎಲ್ಲವನ್ನೂ ಹೇಳಿದೆ. ಊರಿನಲ್ಲಿ ಮೊದಲು ಹೇಳಿದ್ದು ಆಕೆಗೇ.

ಅಷ್ಟರಲ್ಲಿ ಹಿತ್ತಲಿನಿಂದ ಹೊಗೆ ಎದ್ದಿತು. ಷಡ್ಡಕರಿಬ್ಬರೂ ಒಲೆ ಹಚ್ಚಿದ್ದರು. ಕೂಸು ಓಡಿಬಂದು ಜಗಲಿಯ ತುದಿಯಲ್ಲಿ ನಿಂತು, ರಸ್ತೆಯಲ್ಲಿ ಜನ ಹೋಗುವುದನ್ನು ನೋಡಿ, ಅಮ್ಮನ ಕಡೆ ತಿರುಗಿತು. ತಂಗಿಯ ಎರಡು ಕೈಯೂ ಮೊರದಲ್ಲಿದ್ದವು. ತೆಗೆಯಲಿಲ್ಲ. ಕೂಸು ಹಿತ್ತಲಿಗೆ ಕೇಳುವಷ್ಟು ಜೋರಾಗಿ ಅವರಪ್ಪನನ್ನು ಅವರಪ್ಪನ ಮಾತಿನಲ್ಲಿ ಕರೆಯಿತು. ಅವನು ಅದೇ ಮಾತಿನಲ್ಲಿ ಓಗೊಟ್ಟ. ರಸ್ತೆಯಲ್ಲಿ ಹೋಗುತ್ತಿದ್ದವನು ಒಮ್ಮೆ ತಿರುಗಿ ನೋಡಿ, "ಏನು, ಬೆಲ್ಲ ಸುರುವಾಯ್ತಾ?" ಎಂದು ನನ್ನನ್ನು ಕೇಳಿ ಮುಂದೆ ಹೋದ.

ಪಾಯಸಕ್ಕೆ ಸ್ವಲ್ಪ ಮುಗ್ಗಲು ವಾಸನೆ ಇತ್ತು. ಎಲ್ಲರೂ ಉಂಡೆವು.

ಹೊರಡುವ ದಿನ ಅಭ್ಯಾಸಬಲದಿಂದ ನಾನು ತಟ್ಟೆಗೆ ಕೈ ಹಾಕಿದೆ. ತಂಗಿ ನನ್ನ ಮಣಿಕಟ್ಟು ಹಿಡಿದುಕೊಂಡಳು. "ಮಡ್ಲು ತುಂಬಬ್ಯಾಡ ಅಕ್ಕ. ನಂಗೆ ಬೇಕಾದಾಗ ನಾನೇ ಕೇಳ್ತೀನಿ. ಅಲ್ಲೀಗಂಟ ಬ್ಯಾಡ" ಎಂದಳು. ಸಿಟ್ಟಿನಿಂದ ಹೇಳಲಿಲ್ಲ. ನಾನು ತಟ್ಟೆಯನ್ನು ಗೂಡಿನಲ್ಲಿ ಇಟ್ಟೆ.

ಈಗ ಅವರು ಬಾಬುರಾಯನಕೊಪ್ಪಲಿಗೆ ವಾಪಸ್ಸು ಬಂದಿದ್ದಾರೆ. ಓನರೇ ಮಾಕವಳ್ಳಿಗೆ ಹೋಗಿ ಕರೆದುಕೊಂಡು ಬಂದರು. ತಂಗಿ ನಮ್ಮ ಮನೆಗೆ ಬಂದು ಹೋಗುತ್ತಾಳೆ. ಮಡಿಲು ಇನ್ನೂ ಕೇಳಿಲ್ಲ. ತವರಿನಿಂದ ಹೆಣ್ಣುಮಗಳನ್ನು ಬರಿಸೆರಗಿನಲ್ಲಿ ಕಳಿಸುತ್ತಾಳೆ ಎಂದು ಕೇರಿಯಲ್ಲಿ ಒಬ್ಬಿಬ್ಬರು ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ. ಅವಳು ಸೆರಗು ಸಿಕ್ಕಿಸಿಕೊಂಡು, ಕೈ ಬೀಸಿಕೊಂಡು, ಅಂಗಡಿಗೆ ಹೋಗಿ ಈಗ ಬರುವವಳ ಹಾಗೆ ಹೊಸಿಲು ದಾಟುತ್ತಾಳೆ. ನಾನು ಬಾಗಿಲು ಹಾಕದೆ, ತೆರೆದೇ ಬಿಟ್ಟು ಒಳಗೆ ಬರುತ್ತೇನೆ.